ಇಲ್ಲದ ನಾಯಿಗೆ ಪಟ್ಟಿ ಹೊಲಿದ ಖಾದರ್

ಸುಳ್ಳಿರಬೇಕು ಅಂದುಕೊಂಡೆ...
ಗುರುವಾರವಷ್ಟೇ ಮಾತಾಡಿಸಿ ಬಂದಿದ್ದೆ.
ಇವತ್ತು ಬೆಳಿಗ್ಗೆ ಅವನ ಮಗಳು ನಸ್ರೀನ್ ಫೋನ್ ಮಾಡಿ, "ಅಂಕಲ್, ಅಬ್ಬಾ ಹೋದ್ರು" ಅಂದಳು.
"ಎಲ್ಲಿಗಮ್ಮಾ?" ಅಂತ ಕೇಳಿಬಿಟ್ಟೆ.
ಎಂಥಾ ಪ್ರಶ್ನೆ...

ಚಿತ್ರದುರ್ಗದ ನನ್ನ ಗೆಳೆಯ ಖಾದರ್ ಇನ್ನಿಲ್ಲ.
ಎಂಟು ತಿಂಗಳು ಹಾಸಿಗೆ ಹಿಡಿದಿದ್ದ. ಉಸಿರಾಡಲು ಮಷೀನು ಬೇಕಿತ್ತು.
ಕೊನೆಗೆ ಎರಡು ಗುಟುಕು ಚಹಾ ಕುಡಿದು, ಮಗಳ ಹೆಗಲಿಗೆ ಒರಗಿ, ಸದ್ದಿಲ್ಲದೆ ಹೋದನಂತೆ.
ಅಳುವಿಗಿಂತ ಮೊದಲು ನನಗೆ ಬಂದದ್ದು ನೆಮ್ಮದಿಯ ಉಸಿರು... ತಪ್ಪು ತಿಳಿಯಬೇಡಿ.
ಅವನ ನೋವು ಮುಗಿಯಿತು, ಅದೊಂದು. ಇನ್ನೊಂದು ಕಾರಣವೂ ಇದೆ.

ಅದಕ್ಕೆ ಮೊದಲು ಸ್ವಲ್ಪ ಸಿಟ್ಟು ಮಾಡಿಕೊಳ್ಳುತ್ತೇನೆ.
ನಮ್ಮ ಗ್ರೂಪ್‌ನಲ್ಲಿ ದೀಪದ ಫೋಟೋ ಹಾಕಿ "ಚಪ್ಪಲಿ ಅಂಗಡಿ ಖಾದರ್ ಸಾಬ್ರು" ಅಂತ ಬರೆದವರು ಯಾರು?
ಹದಿನಾಲ್ಕು ಜನ ಅದನ್ನೇ ಫಾರ್ವರ್ಡ್ ಮಾಡಿದ್ದೀರಿ!
ಚಪ್ಪಲಿ ಹೊಲಿಯುವುದು ಒಳ್ಳೆಯ ಕೆಲಸವೇ. ಆದರೆ ಅವನ ಕೆಲಸ ಅದಲ್ಲ.
ಕೋಟೆ ಕೆಳಗಿನ ಬೀದಿಯಲ್ಲಿ, ಅವರ ಅಪ್ಪನ ಪಕ್ಕ ಕೂತು, ಜಟಕಾ ಕುದುರೆಗಳಿಗೆ ಜೀನು, ಲಗಾಮು ಹೊಲಿಯುತ್ತಿದ್ದ.
ಸತ್ತ ದಿನವಾದರೂ ಮನುಷ್ಯನನ್ನು ಸರಿಯಾಗಿ ಗುರುತಿಸಬಾರದೆ?

ಇನ್ನೊಂದು ಮಾತು.
ಒಬ್ಬ ಕಥೆ ಹೇಳುವುದು, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಆಡುವುದು... ಇಂಥ ರೋಲ್ ಪ್ಲೇ ಗೇಮ್ ಫಾರಿನ್ನಿನಿಂದಲೇ ಬರಬೇಕಿತ್ತು ಅನ್ನುವವರು ಕೇಳಿ.
ಎಪ್ಪತ್ತರ ದಶಕದಲ್ಲಿ, ಹೆಸರೂ ಇಲ್ಲದ ಅಂಥದೇ ಒಂದು ಆಟವನ್ನು ನಾವು ನಾಲ್ವರು ದುರ್ಗದ ಬಂಡೆಯ ಮೇಲೆ ಕವಡೆ ಹಾಕಿ ಆಡುತ್ತಿದ್ದೆವು.
ಹಿರಿಯೂರಿನ ಶಿವು ಮಂತ್ರವಾದಿ.
ಹೊಸದುರ್ಗದ ತಿಮ್ಮೇಶಿ ಕತ್ತಿವೀರ.
ಹೊಳಲ್ಕೆರೆಯ ನಾನು ಕಥೆ ಹೇಳುವವನು. ನನ್ನ ತೀರ್ಪೇ ಕೊನೆ.
ಖಾದರ್, ಪ್ರಾಣಿಗಳನ್ನು ಪಳಗಿಸುವವನು.

ಖಾದರ್... ನಿನ್ನ ಹತ್ತಿರವೇ ಮಾತಾಡುತ್ತೇನೆ ಕಣೋ.

ನಮ್ಮ ಕತ್ತಿ, ತಾಯಿತ ಎಲ್ಲವೂ ನೋಟ್‌ಬುಕ್ಕಿನಲ್ಲಿ ಬರೆದಿದ್ದಷ್ಟೇ.
ನೀನು ಮಾತ್ರ ಒಪ್ಪಲಿಲ್ಲ. "ಬರ್ದಿದ್ದನ್ನ ಹೆಂಗಲೇ ಕೈಯಾಗ್ ಹಿಡಿಯೋದು?" ಅಂದೆ.
ಹಾಗಾಗಿ ನಿನಗೊಂದೇ ಬೇರೆ ರೂಲ್: ತಂದು ತೋರಿಸಿದ್ದು ಮಾತ್ರ ನಿನ್ನ ಸಲಕರಣೆ.
ಭಾನುವಾರಕ್ಕೊಂದು ಬಂತು.
ಗಿಡುಗ ಕೂರಲು ಚರ್ಮದ ಕೈಗವಸು.
ಕರಡಿಮರಿಗೆ ಮೆತ್ತನೆಯ ಬಾಯಿಕುಕ್ಕೆ.
ಸೊಂಟಕ್ಕೆ ಬೆಲ್ಲದ ಚೀಲ... ಬೆಲ್ಲ ತಿಮ್ಮೇಶಿಯೇ ಖಾಲಿ ಮಾಡುತ್ತಿದ್ದ.
"ಚಾಟಿ ಎಲ್ಲೋ?" ಅಂದರೆ, "ನಮ್ ಅಬ್ಬಾ ದಿನಾ ಚಾಟಿ ಮಾಡ್ತಾರೆ. ಅದನ್ನ ನೋಡಿ ಒಂದ್ ಕುದುರೆನೂ ನಕ್ಕಿದ್ದು ನಾನ್ ಕಂಡಿಲ್ಲ" ಅಂದಿದ್ದೆ.

ಆಮೇಲೆ ನಿನ್ನ ಬೇಟೆನಾಯಿಗೆ ಕೊರಳಪಟ್ಟಿ ಹೊಲಿದೆ.
ತೋಳ ಬಾಯಿ ಹಾಕದಂತೆ ಹೊರಗೆ ಮೊಳೆ, ಕೊರಳು ತರಚದಂತೆ ಒಳಗೆ ಉಣ್ಣೆ.
ಚೀಲ ರಿಪೇರಿಗೆ ನಿಮ್ಮ ಅಂಗಡಿಗೆ ಬಂದ ತುರುವನೂರಿನ ಕುರಿ ಕಾಯುವ ಈರಜ್ಜ ಅದನ್ನು ಎತ್ತಿ ನೋಡಿದರು. ನಾನೂ ಅಲ್ಲೇ ಕೂತಿದ್ದೆ.
"ಇದು ಯಾವ್ ನಾಯಿಗಪ್ಪ?"
"ನಮ್ ಆಟದ ನಾಯಿಗೆ ಅಜ್ಜ."
"ಎಲ್ಲೈತೆ?"
"ಇಲ್ಲ... ಐತೆ ಅನ್ಕಂಡು ಆಡೋದು."
"ಏನ್ ಹುಡುಗ್ರಪ್ಪ! ಇಲ್ಲದ ನಾಯಿಗೆ ಪಟ್ಟಿ ಐತೆ. ನನ್ ನಾಯಿ ಐತೆ, ಪಟ್ಟಿ ಇಲ್ಲ. ತೋಳ ಎರಡ್ ಸಲ ಬಾಯಿ ಹಾಕೈತೆ ಅದಕ್ಕೆ."
ನೀನು ಪಟ್ಟಿಯನ್ನು ಅವರ ಕೈಗಿಟ್ಟೆ. "ತಗಳ್ರಿ ಅಜ್ಜ."

ಮುಂದಿನ ಭಾನುವಾರ ಆಟದಲ್ಲಿ ನಾನು ತೋಳ ಬಿಟ್ಟೆ.
ಬೇಕಂತಲೇ ಬಿಟ್ಟೆ. ಇದನ್ನು ಇವತ್ತು ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ.
"ಪಟ್ಟಿ ತೋರ್ಸು."
"ಈರಜ್ಜಂಗೆ ಕೊಟ್ಟಿದ್ದನ್ನ ನೀನೇ ನೋಡಿದ್ಯಲ್ಲೋ."
"ರೂಲ್ ಅಂದ್ರೆ ರೂಲ್. ನಿನ್ ನಾಯಿ ಸತ್ತೋಯ್ತು."
ನೀನು ಎದ್ದೆ. ಬಂಡೆ ಇಳಿದು ಹೋದೆ. ತಿರುಗಿ ನೋಡಲಿಲ್ಲ.
ನಮ್ಮ ಆಟ ಅವತ್ತಿಗೆ ನಿಂತುಹೋಯಿತು.

ಸ್ನೇಹ ನಿಲ್ಲಲಿಲ್ಲ, ನಿಜ.
ನೀನು ಮದುವೆಗಳಿಗೆ ಕರೆದೆ. ಹಬ್ಬಕ್ಕೆ ಊಟ ಕಳಿಸಿದೆ. ನನ್ನ ಹೆಂಡತಿ ತೀರಿದಾಗ ಮೂರು ದಿನ ನಮ್ಮನೆ ಜಗಲಿ ಬಿಟ್ಟು ಏಳಲಿಲ್ಲ.
ಆದರೆ ಆಟದ ಮಾತು ಬಂದರೆ ಎದ್ದು ಹೊರಡುತ್ತಿದ್ದೆ.
ಇಷ್ಟು ವರ್ಷ ಊರವರ ತಪ್ಪುಗಳನ್ನೆಲ್ಲ ಪೇಪರಿಗೆ ಬರೆದು ಜಗಳ ಆಡಿದವನು ನಾನು... ನನ್ನ ಈ ಒಂದು ತಪ್ಪನ್ನು ನಿನ್ನೆದುರು ಹೇಳಲು ಬಾಯಿ ಬರಲಿಲ್ಲ.

ಗುರುವಾರ ನಾನು ಬಂದೆ. ಬಾಗಿಲಲ್ಲೇ ನಸ್ರೀನ್, "ಜಾಸ್ತಿ ಮಾತಾಡಿಸ್ಬ್ಯಾಡ್ರಿ ಅಂಕಲ್" ಅಂದಳು.
ಕುರ್ಚಿ ಎಳೆದುಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟೆ.
"ಖಾದರ್, ಆವತ್ತಿನ ತೀರ್ಪು ತಪ್ಪು. ಹೊಟ್ಟೆಕಿಚ್ಚಿಗೆ ಹೇಳಿದ್ದು. ನಾವೆಲ್ಲ ಆಟ ಆಡ್ತಿದ್ವಿ, ನೀನೊಬ್ನೇ ನಿಜವಾಗ್ಲೂ ಒಂದು ಪ್ರಾಣಿ ಉಳಿಸಿದ್ದೆ. ನಿನ್ ನಾಯಿ ಸತ್ತಿಲ್ಲ. ವಾಪಸ್ ತಗೋತಿದ್ದೀನಿ."
ನೀನು ಮಾಸ್ಕ್ ಸರಿಸಿದೆ. ನಸ್ರೀನ್ ಗದರಿದಳು. ನೀನು ಕೇಳಲಿಲ್ಲ.

"ಅದು ಯಾವತ್ ಸತ್ತಿತ್ತಲೇ ರುದ್ರ? ನೀನು ಬುಕ್ ನೋಡ್ಕಂಡು ಓದ್ತಿದ್ದೆ. ನಾನು ಅದನ್ನ ಎತ್ಕಂಡು ಕೆಳಗಿಳಿದೆ."

"ಮತ್ತೆ ಯಾಕೋ ಆಟಕ್ಕೆ ಬರ್ಲಿಲ್ಲ?" ಅಂದೆ.
"ಬಂದಿದ್ರೆ ಮತ್ತೆ ಸಾಯಿಸ್ತಿದ್ದೆ ನೀನು."
ಉಸಿರು ಕಟ್ಟುವಷ್ಟು ನೀನು ನಕ್ಕೆ... ನಾನೂ ನಕ್ಕೆ... ನಸ್ರೀನ್ ಇಬ್ಬರಿಗೂ ಬೈದಳು.

ನೀನು ಮುನಿಸಿಕೊಂಡು ಹೋಗಿದ್ದೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.
ನೀನು ನಾಯಿಯನ್ನು ಕಾಪಾಡಿಕೊಂಡು ಹೋಗಿದ್ದೆ...
ಗುರುವಾರ ಹೋಗದಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ.
ಸದ್ಯ... ಹೋಗಿದ್ದೆ.

ಸಂಜೆ ಮಣ್ಣಿಗೆ ಬರುತ್ತೇನೆ.
ಉಸಿರಿನ ಕಷ್ಟವಿಲ್ಲದ ಕಡೆ ಹಾಯಾಗಿ ಮಲಗು, ಖಾದರ್. ದೇವರು ನಿನ್ನನ್ನು ಪ್ರೀತಿಯಿಂದ ನೋಡಿಕೊಳ್ಳಲಿ.
ಹೋಗಿ ಬಾ ಗೆಳೆಯಾ...