ಪ್ಲಗ್ ಕೀಳುತ್ತಿದ್ದ ಪುಟ್ಟಲಕ್ಷ್ಮಿ ಮೇಡಂ

ಪುಟ್ಟಲಕ್ಷ್ಮಿ ಮೇಡಂ ಲ್ಯಾಬಿಗೆ ಬಂದವರೇ ಮೊದಲು ಯಾವುದಾದರೊಂದು ಕಂಪ್ಯೂಟರಿನ ಪ್ಲಗ್ ಕೀಳುತ್ತಿದ್ದರು. ಕೇಳುವುದಿಲ್ಲ, ಹೇಳುವುದಿಲ್ಲ. ಕಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳಿದ ಪರದೆಗಳತ್ತ ನೋಡುತ್ತ ನಿಲ್ಲುವರು. ನಮ್ಮ ಕೆಲಸ ಪೂರ್ತಿ ನಿಂತುಹೋದರೆ, "ಒಂದು ಸತ್ರೆ ಎಲ್ಲಾನೂ ಸಾಯೋದಾದ್ರೆ ನಾಕು ಮಿಷಿನ್ ಯಾಕ್ರವ್ವಾ ಬೇಕು? ಒಂದೇ ಸಾಕಾಗಿತ್ತಲ್ಲ!" ಎನ್ನುವರು. ಬೆನ್ನ ಹಿಂದೆ ನಾವು ಅವರನ್ನು ಪ್ಲಗ್ಗಮ್ಮ ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು.

ಮಂಡ್ಯದ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದವರಿಗೆ ಅವರು ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಕಲಿಸುತ್ತಿದ್ದರು. ಹಲವು ಕಂಪ್ಯೂಟರುಗಳು ಬೇರೆ ಬೇರೆ ಕಡೆ ಕೂತು ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವ ವಿದ್ಯೆ ಅದು. ಪುಸ್ತಕದ ಇಂಗ್ಲಿಷನ್ನು ಒಂದು ಸಲ ಓದಿ, ಕನ್ನಡಕ ತೆಗೆದಿಟ್ಟು, ತಮ್ಮ ಹುಟ್ಟೂರು ಆತಗೂರಿನ ಮಾತಿಗೆ ಇಳಿಯುವರು. "ಕಳಿಸ್ದೆ ಅಂದ್ರೆ ತಲುಪ್ತು ಅಂತಲ್ಲ ಕಣ್ಲಾ. ಆ ಕಡೆಯಿಂದ ಊಂ ಅಂತ ಬರೋಗಂಟ ನಂಬ್ಬೇಡ." ಈ ಮಾತನ್ನು ನಾನು ಯಂತ್ರಗಳಿಗಿಂತ ಮನುಷ್ಯರ ವಿಷಯದಲ್ಲೇ ಹೆಚ್ಚು ಬಳಸಿದ್ದೇನೆ.

ಆ ವರ್ಷ ಪ್ರಾಜೆಕ್ಟಿಗೆ ನಾವು ಮೂವರು: ಹನಕೆರೆಯ ನಾನು, ಮದ್ದೂರಿನ ಶಬಾನಾ, ಮಳವಳ್ಳಿ ಕಡೆಯ ಮಹೇಶ. ಮೂರು ಕಂಪ್ಯೂಟರುಗಳಿಗೆ ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಚೀಟಿ ಅಂಟಿಸಿದ್ದೆವು. ಮೂರರಲ್ಲೂ ಒಂದೇ ಬಸ್ ವೇಳಾಪಟ್ಟಿ; ಒಂದರಲ್ಲಿ ಬಸ್ಸಿನ ಹೊತ್ತು ಬದಲಿಸಿದರೆ ಉಳಿದೆರಡರಲ್ಲೂ ತಾನಾಗಿ ಬದಲಾಗಬೇಕು. ಒಂದು ಕೆಟ್ಟರೂ ಮಿಕ್ಕವು ನಡೆಸಿಕೊಂಡು ಹೋಗಬೇಕು. ಇದು ಪಾಸಾಗದಿದ್ದರೆ ಮೂವರೂ ಪರೀಕ್ಷೆಗೆ ಕೂರುವಂತಿರಲಿಲ್ಲ, ವರ್ಷವೇ ಹೋಗುತ್ತಿತ್ತು. ಹಾಗಾಗಿ ನಾನು ಅವರಿಬ್ಬರನ್ನೂ ನಂಬದೆ ಅಷ್ಟನ್ನೂ ಒಬ್ಬಳೇ ಬರೆದೆ. ನಿಜ ಹೇಳಬೇಕೆಂದರೆ, ನನಗೆ ಬರುವಷ್ಟು ಅವರಿಗೆ ಬರುವುದಿಲ್ಲ ಎಂಬ ಕೊಬ್ಬು.

ತೋರಿಸುವ ದಿನ ಮೇಡಂ ಬಂದವರೇ ಮಂಡ್ಯದ ಪ್ಲಗ್ ಕಿತ್ತರು. ಕ್ಷಣದಲ್ಲಿ ಮದ್ದೂರು ಕೆಲಸ ವಹಿಸಿಕೊಂಡಿತು. ನಾನು ಬೀಗಿದೆ. ಮೇಡಂ ನನ್ನ ಕಡೆ ತಿರುಗಿದರು.

"ಈಗ ನೀನು ಎದ್ದು ಆಚೆ ಓಗವ್ವ."

"ನಾನ್ಯಾಕೆ ಮೇಡಂ?"

"ನೀನೂ ಒಂದು ಪ್ಲಗ್ಗೇ. ಓಗು."

ಕಿಟಕಿಯಾಚೆ ನಿಂತು ನೋಡಿದೆ. ಮಂಡ್ಯವನ್ನು ಮತ್ತೆ ಎಬ್ಬಿಸಿ ಜೊತೆಗೆ ಸೇರಿಸಿಕೊಳ್ಳಿ ಎಂದು ಅವರಿಬ್ಬರಿಗೆ ಹೇಳಿದರು. ಶಬಾನಾ ಕೀಬೋರ್ಡಿನ ಮೇಲೆ ಕೈಯಿಟ್ಟು ಮಹೇಶನ ಮುಖ ನೋಡಿದಳು. ಮಹೇಶ ಚಾವಣಿ ನೋಡಿದ. ನಾನು ಹೇಳಿಕೊಟ್ಟಿದ್ದರೆ ತಾನೇ ಅವರಿಗೆ ಗೊತ್ತಿರುವುದು!

ಮೇಡಂ ಹೊರಗೆ ಬಂದರು. "ಮಿಷಿನ್ ಮೂರು ಇಟ್ಟು ತಲೆ ಒಂದೇ ಇಟ್ಟಿದ್ದೀಯ. ನಿಂಗೆ ಜ್ವರ ಬಂದ್ರೆ?"

"ಬರಲ್ಲ ಮೇಡಂ."

"ಎಲ್ರಿಗೂ ಬತ್ತದೆ ಕಣವ್ವ. ಒಂದು ವಾರ ಟೈಮು ಕೊಡ್ತೀನಿ, ಅವ್ರಿಗೂ ಕಲ್ಸು."

ಆ ವಾರ ಹಲ್ಲು ಕಚ್ಚಿಕೊಂಡು ಕಲಿಸಿದೆ. ಮೂರನೇ ದಿನ ಮಹೇಶ, "ನಡುವೆ ವೈರು ಕಿತ್ತೋಗಿ ಮಂಡ್ಯಕ್ಕೂ ಮದ್ದೂರ್ಗೂ ಮಾತೇ ಇಲ್ದಂಗಾದ್ರೆ, ಎರಡೂ ನಾನೇ ಯಜಮಾನ ಅಂದ್ಕತವಲ್ಲಮ್ಮಿ?" ಎಂದ. ನನ್ನ ಜಂಬದ ಪ್ರೋಗ್ರಾಮಿನಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಮೂರರಲ್ಲಿ ಎರಡು ಒಪ್ಪಿದರೆ ಮಾತ್ರ ಯಜಮಾನಿಕೆ ಎಂದು ಮೂವರೂ ಕೂತು ತಿದ್ದಿದೆವು. ಎರಡನೇ ಸಲ ಮೇಡಂ ನನ್ನನ್ನು ಹೊರಗಟ್ಟಿದಾಗ, ಒಳಗೆ ಶಬಾನಾ ನಿಧಾನವಾಗಿ ವಿವರಿಸುವುದು ಬಾಗಿಲಾಚೆಗೂ ಕೇಳುತ್ತಿತ್ತು. ಪಾಸಾದೆವು.

ಅದಾದ ಮೇಲೆ ಮೇಡಂ ಉಳಿದ ಪಾಠಗಳನ್ನು ನಮ್ಮ ತರಗತಿಗೇ ಹಂಚಿಬಿಟ್ಟರು. ಒಂದೊಂದು ಪಾಠಕ್ಕೆ ಇಬ್ಬಿಬ್ಬರು. ಒಬ್ಬರು ಬರದಿದ್ದರೆ ಇನ್ನೊಬ್ಬರು ಕಲಿಸಬೇಕು. ಅವರು ಹಿಂದಿನ ಬೆಂಚಿನಲ್ಲಿ ಕೂತು ಕೇಳುವರು, ತಪ್ಪಿದಲ್ಲಿ ತಿದ್ದುವರು. ಒಳ್ಳೆ ಸೋಂಬೇರಿತನ ಕಲಿತರಲ್ಲ ಎಂದು ನಾವು ನಗುತ್ತಿದ್ದೆವು.

ಒಂದು ಸೋಮವಾರ ಆ ಬೆಂಚು ಖಾಲಿ ಇತ್ತು. ಪಾಠ ನಡೆಯಿತು. ಮಂಗಳವಾರವೂ ನಡೆಯಿತು, ಬುಧವಾರವೂ ನಡೆಯಿತು. ಗುರುವಾರ ಶಬಾನಾ ಆಫೀಸಿನಲ್ಲಿ ವಿಚಾರಿಸಿದಾಗ ತಿಳಿಯಿತು: ಮೇಡಂ ಮೈಸೂರಿನಲ್ಲಿ ಆಸ್ಪತ್ರೆ ಸೇರಿದ್ದಾರೆ, ಕಾಯಿಲೆಯ ವಿಷಯ ಅವರಿಗೆ ತಿಂಗಳುಗಳ ಹಿಂದೆಯೇ ಗೊತ್ತಿತ್ತು.

ಪರೀಕ್ಷೆ ಮುಗಿಸಿ, ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಮೇಡಂ ಅವರನ್ನು ನೋಡಲು ಆತಗೂರಿಗೆ ಹೋದೆ. ದಿಂಬಿಗೊರಗಿ ಕೂತಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು.

"ಪಾಠ ಒಂದು ದಿನಾನೂ ನಿಲ್ಲಲಿಲ್ಲ ಮೇಡಂ," ಎಂದೆ, ಅವರಿಗೆ ಖುಷಿಯಾಗಲೆಂದು.

ತಲೆಯಾಡಿಸಿದರು. ದಿಂಬು ಸರಿಮಾಡಿಕೊಂಡು, "ನಾನು ಯಾಕ್ ಬರ್ಲಿಲ್ಲ ಅಂತ ಯಾರಾರ ಕೇಳುದ್ರಾ?" ಎಂದರು.

"ಮೊದಲ್ನೇ ದಿನಾನೇ ಕೇಳಿದ್ವಿ ಮೇಡಂ."

ನನ್ನ ಮುಖವನ್ನೇ ನೋಡಿದರು. "ಸುಳ್ಳೇಳ್ಬೇಡ ಕಣವ್ವ," ಎಂದು ನಕ್ಕು, "ಚೆನ್ನಾಗೇ ಕಲ್ತಿದ್ದೀರ ಬುಡು," ಎನ್ನುತ್ತ ನನ್ನ ಕೈ ಹಿಡಿದುಕೊಂಡರು. ಅವರ ತಂಗಿ ಕಾಫಿ ತರುವವರೆಗೂ ಬಿಡಲಿಲ್ಲ.

ಫಲಿತಾಂಶ ಬರುವಷ್ಟರಲ್ಲಿ ಮೇಡಂ ಇರಲಿಲ್ಲ. ನಮ್ಮ ತರಗತಿಯಲ್ಲಿ ಆ ವಿಷಯದಲ್ಲಿ ಒಬ್ಬರೂ ಫೇಲಾಗಲಿಲ್ಲ. ಆದರೂ ಆ ಸೋಮವಾರ ನೆನಪಾದರೆ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಒಂದು ದಿನ, ಒಂದೇ ಒಂದು ದಿನ, ನಾವು ಪಾಠ ನಿಲ್ಲಿಸಬೇಕಿತ್ತು.