ಬಿಳಿ ಸೀಸ

ಬಿಳಿ ಸೀಸ ಎಂಬ ಲೋಹ ಈ ಜಗತ್ತಿನಲ್ಲಿಲ್ಲ. ಇದನ್ನು ಹೆಡ್‌ಮಾಸ್ಟ್ರ ಮುಂದೆ ಹೇಳಿದ್ದೇನೆ, ಶಿಕ್ಷಣ ಕಚೇರಿಗೆ ಬರೆದು ಕೊಟ್ಟಿದ್ದೇನೆ, ಕೇಳುವ ಕಿವಿ ಸಿಕ್ಕಿದಲ್ಲೆಲ್ಲ ಹೇಳಿದ್ದೇನೆ. ನಿವೃತ್ತಳಾದೆನೆಂದು ಸುಮ್ಮನಿರುವ ಉದ್ದೇಶ ನನಗಿಲ್ಲ.

ಕೇರಳದ ಗಡಿಯಲ್ಲಿ, ಮಂಜೇಶ್ವರದ ಹತ್ತಿರದ ಒಂದು ಹೈಸ್ಕೂಲಿನ ಕನ್ನಡ ಡಿವಿಷನ್ನಿಗೆ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಕಟ್ಟಡ ಒಂದೇ, ಬಾವಿ ಒಂದೇ, ಲ್ಯಾಬೂ ಒಂದೇ. ಕೆಲವು ಮಕ್ಕಳಿಗೆ ಪಾಠ ಮಲಯಾಳದಲ್ಲಿ, ಉಳಿದವರಿಗೆ ಕನ್ನಡದಲ್ಲಿ. ಟೀಚರುಗಳ ಕೈಪಿಡಿ ಮೊದಲು ಮಲಯಾಳದಲ್ಲಿ ಬರುತ್ತಿತ್ತು. ಕನ್ನಡದ್ದನ್ನು ಯಾರೋ ಅವಸರದಲ್ಲಿ ಅನುವಾದಿಸಿ ಕಳಿಸುವಾಗ ಅರ್ಧ ವರ್ಷ ಕಳೆದಿರುತ್ತಿತ್ತು.

ಒಂದು ವರ್ಷ ಆ ಕೈಪಿಡಿಯಲ್ಲಿ ಚಂದದ ಪ್ರಯೋಗವೊಂದಿತ್ತು: ಕುದಿಯುವ ನೀರಿನಲ್ಲಿ ಕರಗುವ ಚಮಚ. ಮೂರು ಲೋಹಗಳನ್ನು ಒಟ್ಟಿಗೆ ಕರಗಿಸಿ ಪ್ಲಾಸ್ಟರಿನ ಅಚ್ಚಿಗೆ ಹೊಯ್ಯಬೇಕು. ಬಿಡಿಬಿಡಿಯಾಗಿ ಅವುಗಳಲ್ಲಿ ಯಾವುದೂ ಕುದಿಯುವ ನೀರಿಗೆ ಜಗ್ಗುವುದಿಲ್ಲ. ಒಟ್ಟು ಸೇರಿದರೆ ನೂರು ಡಿಗ್ರಿ ಮುಟ್ಟುವ ಮೊದಲೇ ಕರಗುತ್ತವೆ. ಎರಡು ಪಾಲು ಬಿಸ್ಮತ್, ಒಂದು ಪಾಲು ಕಪ್ಪು ಸೀಸ, ಒಂದು ಪಾಲು ಬಿಳಿ ಸೀಸ ಎಂದು ಅಚ್ಚಾಗಿತ್ತು. ನಾನು ಅದನ್ನು ಓದಲಿಲ್ಲ. ಆ ವಾರ ಟ್ರೈನಿಂಗಿಗೆ ಹೋಗುವ ಗಡಿಬಿಡಿಯಲ್ಲಿದ್ದೆ. ಪುಟವನ್ನು ಒಂಬತ್ತನೇ ಕ್ಲಾಸಿನ ಒಬ್ಬಳ ಕೈಗೆ ಕೊಟ್ಟು, "ಎಲ್ಲ ತೂಗಿ ಪೊಟ್ಟಣ ಕಟ್ಟಿಡು, ಬಂದು ಕರಗಿಸುವ" ಎಂದೆ.

ಅವಳು ಬ್ಯಾರಿ ಮನೆಯ ಹುಡುಗಿ. ಮನೆಯಲ್ಲಿ ಮಲಯಾಳಕ್ಕೆ ಹತ್ತಿರದ ಬ್ಯಾರಿ ಭಾಷೆ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಕ್ಲಾಸಿನಲ್ಲಿ ಹೆಚ್ಚು ಪ್ರಶ್ನೆ ಕೇಳಿ ನನ್ನ ತಲೆ ತಿನ್ನುತ್ತಿದ್ದವಳೂ ಅವಳೇ. ಬಿಸ್ಮತ್ ಲ್ಯಾಬಿನಲ್ಲಿತ್ತು. ಸೀಸಕ್ಕೆ ಮಾವನ ಹಳೆ ಮೀನುಬಲೆಯ ಗುಂಡುಗಳನ್ನು ಬಿಚ್ಚಿ ತಂದಳು. ನಾನು ಮರಳಿ ಬಂದಾಗ ಮೇಜಿನ ಮೇಲೆ ಮೂರು ಪೊಟ್ಟಣಗಳಿದ್ದವು, ಒಂದರ ಮೇಲೆ "ಬಿ.ಸೀ." ಎಂದಿತ್ತು. ಎಂತ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ಕಿಟಕಿಗಳನ್ನೆಲ್ಲ ತೆರೆದು, ಕಬ್ಬಿಣದ ಸೌಟಿನಲ್ಲಿ ಕರಗಿಸಿ ಅಚ್ಚಿಗೆ ಹೊಯ್ದೆ. ಚಮಚ ಚೆನ್ನಾಗಿಯೇ ಬಂತು.

ಮರುದಿನ ಕಚೇರಿಯಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಹುಡುಗಿ ಅವರ ಮುಂದೆಯೇ ಕುದಿಯುವ ನೀರಿನ ಬೀಕರಿಗೆ ಚಮಚ ಇಳಿಸಿದಳು. ಐದು ನಿಮಿಷವಾಯಿತು, ಹತ್ತಾಯಿತು. ನೀರು ಅರ್ಧಕ್ಕಿಳಿಯಿತು. ಚಮಚ ಹಾಗೇ ನಿಂತಿತ್ತು. ಅಧಿಕಾರಿ ಕೆಟ್ಟವರೇನಲ್ಲ, ನಗುತ್ತಲೇ ಮಲಯಾಳದಲ್ಲಿ ಹೇಳಿದರು, "ಟೀಚರೇ, ಸಯನ್ಸನ್ನಾದರೂ ಮಲಯಾಳದಲ್ಲಿ ಕಲಿಸಬಾರದಾ? ಕನ್ನಡದಲ್ಲಿ ಇದಕ್ಕೆಲ್ಲ ಶಬ್ದ ಎಲ್ಲುಂಟು?" ನನಗೆ ಮೈಯೆಲ್ಲ ಉರಿಯಿತು. ಆದರೆ ಕರಗದ ಚಮಚ ಎದುರಿಗೇ ಇತ್ತು.

ಅವರು ಹೋದ ಮೇಲೆ ಹೆಡ್‌ಮಾಸ್ಟ್ರು ಕರೆದರು. ಕೇರಳದಲ್ಲಿ ವಿಜ್ಞಾನ ಮೇಳಕ್ಕೆ ಶಾಸ್ತ್ರಮೇಳ ಎನ್ನುತ್ತಾರೆ. ಕನ್ನಡದಲ್ಲಿ ಶಾಸ್ತ್ರಕ್ಕೆ ಮಾಡುವುದೆಂದರೆ ಏನೆಂದು ಎಲ್ಲರಿಗೂ ಗೊತ್ತು. ನಮ್ಮ ಡಿವಿಷನ್ನಿನವರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದದ್ದೂ ಹಾಗೆಯೇ. "ಒಂದು ವಾರ ಕೊಡ್ತೇನೆ ಟೀಚರ್. ಕರಗಿದರೆ ಮೇಳಕ್ಕೆ ಅವಳೇ ಹೋಗಲಿ. ಇಲ್ಲದಿದ್ರೆ ಮಲಯಾಳಂ ಡಿವಿಷನ್ನಿನವರು ಹೋಗ್ತಾರೆ" ಎಂದರು.

ಲ್ಯಾಬಿಗೆ ಬಂದು ಹುಡುಗಿಯನ್ನು ಕೇಳಿದೆ, "ಈ ಬಿ.ಸೀ. ಎಂತ ಮಾರಾಯ್ತಿ?"

"ಬಿಳಿ ಸೀಸ ಟೀಚರ್. ಬಲೆಯ ಗುಂಡು ಕಪ್ಪುಂಟಲ್ಲ, ಅದು ಕಪ್ಪು ಸೀಸ. ಅದನ್ನೇ ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಹೊಳೀತದೆ. ಎರಡು ದಿನ ಕೆರೆದೆ."

ಬೆರಳ ತುದಿಗಳಲ್ಲಿ ಬ್ಲೇಡಿನ ಗೀರುಗಳಿದ್ದವು. ಪಕ್ಕದ ಮಲಯಾಳಂ ಡಿವಿಷನ್ನಿನಲ್ಲಿ ಕಲಿಸುತ್ತಿದ್ದ ಮಾಷ್ ಹತ್ತಿರ ಮಲಯಾಳದ ಕೈಪಿಡಿ ಕೇಳಿ ತಂದೆ. ಅಲ್ಲಿ "ವೆಳುತ್ತೀಯಂ" ಎಂದಿತ್ತು. ಹಾಗೆಂದರೆ ಕನ್ನಡದಲ್ಲಿ ತವರ, ಟಿನ್ ಲೋಹ. ಅನುವಾದಿಸಿದ ಪುಣ್ಯಾತ್ಮ ಶಬ್ದವನ್ನು ಎರಡು ತುಂಡು ಮಾಡಿದ್ದ: ವೆಳುತ್ತ ಎಂದರೆ ಬಿಳಿ, ಈಯಂ ಎಂದರೆ ಸೀಸ. ತವರವೇ ಬೀಳದ ಆ ಚಮಚ ಕುದಿಯುವ ನೀರಿಗೆ ಕರಗುವುದು ಹೇಗೆ? ಪುಣ್ಯಾತ್ಮನಿಗೆ ಬಯ್ದೆ, ಓದದೆ ಕೊಟ್ಟ ನನಗೂ ಬಯ್ದುಕೊಂಡೆ. ಮಲಯಾಳದ ಮೇಲೆ ನನಗೆ ಸಿಟ್ಟಿರಲಿಲ್ಲ, ಇಂದಿಗೂ ಇಲ್ಲ. ತನ್ನ ಪೀರಿಯಡ್ ಬಿಟ್ಟು ನಮ್ಮ ಅಚ್ಚು ಸರಿಮಾಡಿ ಕೊಟ್ಟದ್ದು ಅದೇ ಮಾಷ್. ಸಿಟ್ಟು ಬಂದದ್ದು, ಕನ್ನಡದ ಮಕ್ಕಳಿಗೆ ಇಷ್ಟು ಸಾಕು ಎಂಬ ಧೋರಣೆಯ ಮೇಲೆ.

ತವರ ಸಿಕ್ಕಿದ್ದು ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಮುದುಕರ ಹತ್ತಿರ. ಎಂತಕ್ಕೆ ಎಂದು ಕೇಳಿದರು. ಚಮಚ ಕರಗಿಸಲಿಕ್ಕೆ ಎಂದಾಗ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಕೊಟ್ಟರು. ಈ ಸಲ ಹುಡುಗಿ ಮೂರು ಸಲ ತೂಗಿ, ಪೊಟ್ಟಣದ ಮೇಲೆ ಪೂರ್ತಿ ಹೆಸರು ಬರೆದಳು. ಹೆಡ್‌ಮಾಸ್ಟ್ರ ಎದುರಿಗೆ ಬೀಕರಿನಲ್ಲಿಟ್ಟ ಚಮಚ ಒಂದು ನಿಮಿಷದೊಳಗೆ ತುದಿ ಬಾಗಿಸಿ, ತೊಟ್ಟಿಕ್ಕಿ, ತಳದಲ್ಲಿ ಹೊಳೆಯುವ ಗುಂಡಾಯಿತು. ಹೆಡ್‌ಮಾಸ್ಟ್ರು ಮೇಳದ ಪಟ್ಟಿಗೆ ಅವಳ ಹೆಸರು ಸೇರಿಸಿದರು.

ಮೇಳದಲ್ಲಿ ನಮ್ಮ ಮೇಜಿನ ಮುಂದೆ ಇಬ್ಬರು ತೀರ್ಪುಗಾರರು ಬಂದು ನಿಂತರು. ಇಬ್ಬರಿಗೂ ಕನ್ನಡ ಬಾರದು. ಅವಳು ಕನ್ನಡದಲ್ಲಿ ಶುರು ಮಾಡಿದೊಡನೆ ಒಬ್ಬರು ಅವಳ ಹೆಸರು ನೋಡಿ ಕೈ ಎತ್ತಿ ತಡೆದರು. ಬ್ಯಾರಿ ಮಾತಾಡುವ ಮನೆಯವಳಲ್ಲವಾ, ಮಲಯಾಳ ತಿಳಿಯುತ್ತದಲ್ಲ, ಅದರಲ್ಲೇ ಹೇಳು ಎಂದರು. ಅವಳಿಗೆ ತಿಳಿಯುತ್ತಿತ್ತು, ನಿಜ. ಆದರೂ ಕನ್ನಡದಲ್ಲೇ ಹೇಳಿದಳು, "ಮನೆಯಲ್ಲಿ ಬ್ಯಾರಿ ಸಾರ್. ಈ ಚಮಚ ಮೊದಲು ಕರಗದೆ ಇದ್ದದ್ದು ಕನ್ನಡದಲ್ಲಿ. ಈಗ ಕರಗುವುದೂ ಕನ್ನಡದಲ್ಲೇ." ಮತ್ತೆ ಚಮಚ ಇಳಿಸಿದಳು. ಅದು ಕರಗಿತು.

ಅವರು ಅಂಕದ ಹಾಳೆ ಹಿಡಿದು, ಮೂರನೆಯ ಲೋಹ ಯಾವುದು ಎಂದು ಮಲಯಾಳದಲ್ಲಿ ಕೇಳಿದರು.

"ತವರ."

ಅವರಿಗೆ ಅರ್ಥವಾಗಲಿಲ್ಲ. ನನ್ನ ಧೈರ್ಯ ಅಲ್ಲಿಗೆ ಮುಗಿಯಿತು. ಇಷ್ಟು ದೂರ ಬಂದು ಒಂದು ಶಬ್ದಕ್ಕಾಗಿ ಅಂಕ ಹೋದೀತು ಎಂದು ಹಿಂದಿನಿಂದ ಪಿಸುಗುಟ್ಟಿದೆ, "ವೆಳುತ್ತೀಯಂ ಅಂತ ಹೇಳಿಬಿಡು."

ಅವಳು ತಿರುಗಿಯೂ ನೋಡಲಿಲ್ಲ. "ತವರ ಸಾರ್. ಬೇಕಾದರೆ ಬರೆದು ಕೊಡ್ತೇನೆ" ಎಂದು ಕೈ ಚಾಚಿದಳು. ಅವರಿಗೆ ಏನನ್ನಿಸಿತೋ, ಪೆನ್ನು ಕೊಟ್ಟರು. ಗೀರು ಬಿದ್ದ ಬೆರಳುಗಳಲ್ಲಿ ಅವಳು ಆ ಹಾಳೆಯ ಮೇಲೆ ದೊಡ್ಡದಾಗಿ ಮೂರು ಅಕ್ಷರ ಬರೆದಳು.

ಬಹುಮಾನ ಬರಲಿಲ್ಲ. ಮರುವರ್ಷದ ಕೈಪಿಡಿಯಲ್ಲೂ ಬಿಳಿ ಸೀಸವೇ ಇತ್ತು. ಆದರೆ ನಾನು ಪಿಸುಗುಟ್ಟಿದ್ದು ಅದೇ ಕೊನೆ. ಅಂದಿನಿಂದ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.