ಬಿಸಿನೀರಿಗೆ ಬಾವಿ ಕೊರೆದ ಡೆಲ್ಮರ್ ಕುಬೆನಾ

ಡೆಲ್ಮರ್ ಕುಬೆನಾ ತೀರಿಕೊಂಡು ಎರಡು ತಿಂಗಳಾಯಿತು. ಮಣ್ಣು ಮಾಡಿದ ದಿನ ಪಾದ್ರಿಗಳು ಅವನನ್ನು ಕಚ್ಚಾ ಎಣ್ಣೆಯ ಮನುಷ್ಯ ಎಂದರು. ಯಾರೂ ತಿದ್ದಲಿಲ್ಲ. ಅವನು ಬದುಕಿದ್ದರೆ ತಿದ್ದದೆ ಬಿಡುತ್ತಿರಲಿಲ್ಲ.

ದಕ್ಷಿಣ ಟೆಕ್ಸಾಸಿನಲ್ಲಿ ಅವನದು ನೆಲ ಕೊರೆಯುವ ಒಂದೇ ರಿಗ್ಗು, ಒಂಬತ್ತು ಜನ ಕೆಲಸಗಾರರು. ಅಪ್ಪನ ಕಾಲದಿಂದಲೂ ಎಣ್ಣೆ ಕಂಪನಿಗಳು ತೋರಿಸಿದ ಕಡೆ ಬಾವಿ ಕೊರೆದು ಬದುಕಿದವರು. ಆಮೇಲೆ ಕಂಪನಿಗಳು ಒಂದನ್ನೊಂದು ನುಂಗಿದವು. ಉಳಿದವು ತಮ್ಮಂತೆಯೇ ದೊಡ್ಡವಾದ ರಿಗ್ಗುಗಳನ್ನು ಕರೆಸಿಕೊಂಡವು. ಡೆಲ್ಮರನ ಫೋನು ಸುಮ್ಮನಾಯಿತು. ಸ್ಯಾನ್ ಆಂಟೋನಿಯೋದ ವ್ಯಾಪಾರಿಯೊಬ್ಬ ರಿಗ್ಗು ಕೊಳ್ಳಲು ಬಂದ. ಅವನಿಗೆ ಕಬ್ಬಿಣ ಬೇಕಿತ್ತು, ಜನ ಬೇಡವಾಗಿತ್ತು. ಡೆಲ್ಮರನಿಗೆ ಜನರನ್ನೇ ಉಳಿಸಿಕೊಳ್ಳಬೇಕಿತ್ತು.

ಭಾನುವಾರ ಚರ್ಚಿನ ಹಿಂದೆ ಬಾರ್ಬಕೋವಾ ಮಾಂಸ ತಿನ್ನುತ್ತಾ ಅವನು ರಿಗ್ಗಿನ ಮೇಸ್ತ್ರಿ ರೊಸೆಂದೋನ ಮುಂದೆ ವಿಷಯ ತೆಗೆದ. ರೊಸೆಂದೋನ ಮಗಳನ್ನು ದೀಕ್ಷಾಸ್ನಾನದ ದಿನ ಧರ್ಮತಂದೆಯಾಗಿ ಎತ್ತಿಕೊಂಡು ನಿಂತವನು ಡೆಲ್ಮರ್. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ‘ಕೊಂಪಾದ್ರೆ’, ಮಗುವಿನಿಂದ ಬೆಸೆದ ನೆಂಟರು.

“ಕರೆಂಟಿನ ಸಹಕಾರ ಸಂಘದವ್ರಿಗೆ ಆಳದ ಬಿಸಿನೀರು ಬೇಕಂತೆ, ಕೊಂಪಾದ್ರೆ. ಅದರ ಕಾವಿನಿಂದ ಕರೆಂಟ್ ತೆಗೀತಾರಂತೆ.”

“ನೀರಾ? ಬಾವೀಲಿ ನೀರು ಬಂದ್ರೆ ಊರೆಲ್ಲ ನಮ್ಮನ್ನ ನೋಡಿ ನಗ್ತಿತ್ತು. ಈಗ ಅದನ್ನೇ ಹುಡುಕ್ಕೊಂಡು ಹೋಗೋದಾ?”

“ನಗಲಿ ಬಿಡು. ನಾವು ಯಾವತ್ತು ಎಣ್ಣೆ ಮಾರಿದ್ವಿ? ನಾವು ಮಾರೋದು ತೂತು. ಗಿರಾಕಿ ಬದಲಾದ, ಅಷ್ಟೇ.”

“ಮೊದಲ್ನೇದೇ ಕೆಟ್ರೆ?”

“ಎರಡನೇದು ಸಿಗಲ್ಲ. ರಿಗ್ಗು ಮಾರ್ತೀನಿ, ನೀನು ಅಳಿಯನ ಟೈರಂಗಡೀಲಿ ಕೂತ್ಕೋ.”

“ಅವನ ಕೈಕೆಳಗಾ? ಅದಕ್ಕಿಂತ ನೀರೇ ವಾಸಿ.”

ಎಣ್ಣೆಯ ನಾಡಿನಲ್ಲಿ ಬರೀ ಉಪ್ಪುನೀರು ಉಕ್ಕಿದರೆ ಆ ಬಾವಿ ಸತ್ತಂತೆ. ಡೆಲ್ಮರನ ರಿಗ್ಗಿನಲ್ಲಿ ಅದಕ್ಕೊಂದು ರೂಢಿಯೂ ಇತ್ತು: ಎಲ್ಲರೂ ಹೆಲ್ಮೆಟ್ ತೆಗೆದು ನಿಲ್ಲುವುದು, ಮೇಸ್ತ್ರಿ ಪಂಪು ನಿಲ್ಲಿಸುವುದು. ಸಂಘದ ಬಾವಿಯಲ್ಲಿ ಹಬೆಯಾಡುವ ನೀರು ಮೇಲೆ ಬಂದಾಗಲೂ ಒಂಬತ್ತು ತಲೆಗಳು ಬರಿದಾದವು. ಪಂಪು ನಿಂತಿತು.

“ಯಾರಪ್ಪಾ ಸತ್ತಿದ್ದು?” ಡೆಲ್ಮರ್ ಟ್ರಕ್ಕಿನಿಂದ ಇಳಿಯುತ್ತಾ ಕೇಳಿದ.

ರೊಸೆಂದೋ ಹಣೆ ಹಿಡಿದುಕೊಂಡ. “ಕೈ ತಾನಾಗೇ ಹೋಯ್ತು, ಕೊಂಪಾದ್ರೆ.”

ಪಂಪು ನಿಂತರೆ ಅದು ತಳ್ಳುವ ಕೆಸರಿನೊಂದಿಗೆ ಮೇಲೇರುತ್ತಿದ್ದ ಕಲ್ಲುಪುಡಿ ತಳಕ್ಕಿಳಿದು ಕೊಳವೆಯನ್ನು ಕಚ್ಚಿಕೊಳ್ಳುತ್ತದೆ. ಕಚ್ಚಿಯೂ ಆಗಿತ್ತು. ಜಗ್ಗಿದರೆ ಕೊಳವೆ ತುಂಡಾಗುತ್ತದೆ, ಬಾವಿ ಹೋಗುತ್ತದೆ, ಒಂಬತ್ತು ಜನರೂ ಚದುರುತ್ತಾರೆ. ಡೆಲ್ಮರ್ ಯಾರನ್ನೂ ಬೈಯಲಿಲ್ಲ. ಕೊಳವೆಯನ್ನು ಎತ್ತಿ ಇಳಿಸುವ ಬ್ರೇಕಿನ ಮುಂದೆ ತಾನೇ ನಿಂತ.

“ಪಂಪು ಮೆಲ್ಲಗೆ ಬಿಡು. ಹಟಮಾರಿ ಹಸು ಇದು. ಎಳೆದ್ರೆ ಬರಲ್ಲ, ಒಲಿಸ್ಕೋಬೇಕು.”

ಒಂದಿಷ್ಟು ಎತ್ತಿ, ಒಂದಿಷ್ಟು ಇಳಿಸಿ, ಮಧ್ಯಾಹ್ನದವರೆಗೂ ಅವನು ಕೊಳವೆಯನ್ನು ಆಡಿಸುತ್ತಲೇ ಇದ್ದ. ಆ ಕೈಗಳನ್ನು ಕಂಡವರಿಗೆ ಅವು ಈಗ ಇಲ್ಲವೆಂದು ನಂಬುವುದು ಕಷ್ಟ. ಕೊನೆಗೆ ಕೊಳವೆ ಒಮ್ಮೆ ಅದುರಿ, ತಿರುಗಿತು. ನೀರು ಮತ್ತೆ ಉಕ್ಕಿತು.

ಸಂಘದ ಇಂಜಿನಿಯರಮ್ಮ ನೀರಿನ ಕಾವು ಅಳೆದು ನೋಡಿದಳು. “ಇಷ್ಟು ಸಾಕು, ಮಿಸ್ಟರ್ ಕುಬೆನಾ. ಇನ್ನೂ ನಾಲ್ಕು ಬಾವಿ ಬೇಕಾಗತ್ತೆ. ಇಷ್ಟೇ ಜನರಿಂದ ಆಗತ್ತಾ?”

ಡೆಲ್ಮರ್ ಕೆಸರು ಮೆತ್ತಿದ ತನ್ನವರನ್ನು ನೋಡಿದ.

“ಇವರಂತೂ ಇರ್ತಾರೆ. ಸಾಕಾಗಲ್ಲ,” ಎಂದ. “ರೊಸೆಂದೋ, ನಾಳೆಯಿಂದ್ಲೇ ಜನ ಹುಡುಕು.”